ನೋವು ಬಂದಾಗ ಮನೆಯಲ್ಲಿ ಯಾರಿದ್ದರು

ಆಗಸ್ಟ್ 4, ಭಾನುವಾರ

ಗಿರೀಶ್ ಇವತ್ತೂ ಬಂದಿದ್ದ. ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಹೇಳುವವನು, ನನ್ನ ಅಭಿನಂದನ ಗ್ರಂಥಕ್ಕೆ ಸಂಪಾದಕ. ಫೋನನ್ನು ನನ್ನ ಮೂಗಿನ ಕೆಳಗಿಟ್ಟು ‘ಸರ್, ಮೊದಲಿಂದ ಹೇಳ್ರಿ’ ಎನ್ನುತ್ತಾನೆ. ಎಷ್ಟು ಸಲ ಮೊದಲಿನಿಂದ ಹೇಳುವುದು? ಬೇಜಾರು ಎಂದು ಬಾಯಲ್ಲಿ ಅನ್ನುತ್ತೇನೆ, ಒಳಗೆ ಹಿಗ್ಗುತ್ತೇನೆ. ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು.

ಹೇಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೊತೆಯ ಡಾಕ್ಟರುಗಳು ನನ್ನನ್ನು ‘ಕಥೆ ಡಾಕ್ಟ್ರು’ ಎಂದು ಆಡಿಕೊಂಡದ್ದು. ಮನಸ್ಸಿಗಾದ ಪೆಟ್ಟು ಮೈಯಲ್ಲಿ ನೋವಾಗಿ ಕೂರುತ್ತದೆ ಎಂದಾಗ ನಕ್ಕದ್ದು. ಮನೋದೈಹಿಕ ಎಂಬ ಮಾತೇ ಈ ಕಡೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಹೊಸದುರ್ಗದ ಈ ಮನೆಯ ಮುಂದಿನ ಕೋಣೆಗೆ ಬೋರ್ಡು ಹಾಕಿ ಕೂತದ್ದು. ಆಮೇಲೆ ಕೆಂಚಕ್ಕನ ವಿಷಯ. ಹೊರಕೆರೆದೇವಪುರದ ಕಡೆ ಕುರಿ ಮೇಯಿಸುವ ಹೆಣ್ಣುಮಗಳು. ಬಲಗೈ ಮೇಲಕ್ಕೇ ಏಳುತ್ತಿರಲಿಲ್ಲ. ಮೂಳೆ ಸರಿ, ನರ ಸರಿ. ‘ಈ ನೋವು ಬಂದಾಗ ಮನೇಲಿ ಯಾರಿದ್ರವ್ವ?’ ಎಂದು ಕೇಳಿದೆ. ತಮ್ಮ ಸತ್ತಿದ್ದನಂತೆ. ಮಣ್ಣು ಹಾಕಲು ಹೋದವಳ ಕೈಯನ್ನು ತಮ್ಮನ ಹೆಂಡತಿ ತಳ್ಳಿದ್ದಳಂತೆ. ಅವಳನ್ನು ತಮ್ಮನನ್ನು ಹೂತ ಗುಡ್ಡೆಯ ಹತ್ತಿರ ಕರೆದುಕೊಂಡು ಹೋಗಿ, ತಮ್ಮನ ಹೆಂಡತಿಯಿಂದಲೇ ಅವಳ ಕೈ ಹಿಡಿಸಿ ಮಣ್ಣು ಹಾಕಿಸಿದೆ. ಸ್ವಲ್ಪ ದಿನದಲ್ಲೇ ಕೈ ಎದ್ದಿತು. ಆ ಪ್ರಶ್ನೆ ಈಗ ಈ ಸೀಮೆಯ ಡಾಕ್ಟರುಗಳಿಗೆಲ್ಲ ಬಾಯಿಪಾಠ. ಗಿರೀಶ್ ಗ್ರಂಥಕ್ಕೂ ಅದನ್ನೇ ಹೆಸರಿಡುತ್ತಾನಂತೆ.

‘ವಿದ್ಯಾರ್ಥಿಗಳಿಗೆ ಏನು ಹೇಳ್ತಿದ್ರಿ ಸರ್?’

‘ಮೊದ್ಲು ಹೊಟ್ಟೆ ಮುಟ್ಟಿ ನೋಡ್ರಿ, ಆಮೇಲೆ ಕಥೆ ಕೇಳ್ರಿ ಅಂತ.’

ಅಷ್ಟರಲ್ಲಿ ಶಾಂತಕ್ಕ ಕಾಫಿ ತಂದಳು. ಇವಳು ನನ್ನ ಅಕ್ಕ, ಅವ್ವ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ನನ್ನ ಹೆಂಡತಿ ಅನುಸೂಯ ತೀರಿಕೊಂಡ ಮೇಲೆ ಮತ್ತೆ ಬಂದು ನನಗೆ ಅನ್ನ ಹಾಕುತ್ತಿರುವವಳು ಎಂದು ಗಿರೀಶನಿಗೆ ಪರಿಚಯ ಮಾಡಿಕೊಟ್ಟೆ. ಅವನು ‘ನೀವೂ ಕುಡೀರಮ್ಮ’ ಎಂದ.

‘ನಂಗೆ ಹಾಲು ಸೇರ್ತಿಲ್ಲಪ್ಪ. ಹೊಟ್ಟೆ ಮೇಲ್ಗಡೆ ಹಿಡ್ಕಂಡಂಗೆ ಆಗ್ತೈತೆ, ಬೆನ್ನಿಗೆ ಹೊಡೀತೈತೆ’ ಎಂದಳು.

ನನಗೆ ಗೊತ್ತೇ ಇರಲಿಲ್ಲ. ಪರಸ್ಥಳದವನ ಎದುರು ಹೇಳುತ್ತಾಳೆ, ಮನೆಯಲ್ಲಿರುವ ಡಾಕ್ಟರಿಗೆ ಹೇಳುವುದಿಲ್ಲ.

ಆಗಸ್ಟ್ 11, ಭಾನುವಾರ

ಇವತ್ತು ಪುರುಸೊತ್ತು ಮಾಡಿಕೊಂಡು ಅಕ್ಕನನ್ನು ಕೂರಿಸಿ ಕೇಳಿದೆ. ‘ನನ್ನೂ ಪೇಷಂಟ್ ಮಾಡ್ಕಂಡ್ಯೇನಲೇ?’ ಎಂದು ನಕ್ಕಳು. ಯುಗಾದಿ ಆದ ಮೇಲೆ ಶುರುವಾಯಿತಂತೆ, ಕಿರಣನ ಗೃಹಪ್ರವೇಶದ ಸುಮಾರಿಗೆ. ಕಿರಣ ಅವಳ ಮಗ. ರೈಲ್ವೆಯಲ್ಲಿದ್ದಾನೆ, ಚಿಕ್ಕಜಾಜೂರಿನಲ್ಲಿ ಮನೆ ಕಟ್ಟಿದ. ಆ ದಿನ ನಾನೂ ಹೋಗಿದ್ದೆ. ಹಾಲು ಉಕ್ಕಿಸುವಾಗ ಒಲೆಯ ಮುಂದೆ ಇದ್ದದ್ದು ಸೊಸೆ ಲತಾ ಮತ್ತು ಲತಾಳ ತಾಯಿ. ಮಗನ ಹೊಸ ಮನೆ, ಹೆತ್ತ ತಾಯಿ ಮಾತ್ರ ಒಳಗಿಲ್ಲ.

‘ಹಾಲು ಉಕ್ಸೋವಾಗ ನೀನು ಎಲ್ಲಿದ್ದೆ?’

‘ಹಿತ್ಲಲ್ಲಿದ್ದೆ.’

‘ಗಂಡ ಇಲ್ದೋಳು ಅಂತ ದೂರ ಇಟ್ರಾ?’

ನನ್ನ ಮುಖವನ್ನೇ ನೋಡಿದಳು.

‘ಬೇಜಾರಾಯ್ತಾ ಅಕ್ಕ? ಹೇಳು, ನನ್ಹತ್ರ ಏನು?’

‘ಹೂಂ, ಆಗಿರ್ಬೋದು ಕಣಲೇ.’

ಎದ್ದು ಕುಣಿಯಬೇಕು ಎನ್ನಿಸಿತು. ಹಾಲು ಕಂಡರೆ ವಾಕರಿಕೆ! ಇಷ್ಟು ಸ್ಪಷ್ಟವಾಗಿ ಮೈ ಮಾತಾಡಿದ್ದನ್ನು ನಾನು ಕೆಂಚಕ್ಕನ ನಂತರ ಕಂಡಿಲ್ಲ. ನನ್ನ ಮನೆಯಲ್ಲೇ, ನನ್ನ ಅಕ್ಕನಲ್ಲೇ. ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ಹೊಟ್ಟೆ ಮುಟ್ಟಿ ನೋಡಲಿಲ್ಲ. ಎತ್ತಿ ಆಡಿಸಿದವಳಿಗೆ ಸೆರಗು ಸರಿಸು ಎಂದು ಹೇಗೆ ಹೇಳುವುದು. ಅಗತ್ಯವೂ ಕಾಣಲಿಲ್ಲ.

ಆಗಸ್ಟ್ 14, ಬುಧವಾರ

ಸ್ವಾತಿ ಬಂದಿದ್ದಳು. ನನ್ನ ಕೊನೆಯ ಶಿಷ್ಯೆ, ಬಸ್‌ಸ್ಟ್ಯಾಂಡ್ ಹತ್ತಿರ ಅವಳದೇ ಕ್ಲಿನಿಕ್ಕು. ಅಕ್ಕನ ವಿಷಯ ಹೇಳಿದೆ. ಬೆರಗಾಗುತ್ತಾಳೆ ಎಂದುಕೊಂಡಿದ್ದೆ. ಅವಳು ‘ತೂಕ ಇಳಿದಂಗೆ ಕಾಣ್ತಾರೆ ಸರ್. ಒಂದು ಸ್ಕ್ಯಾನ್ ಮಾಡ್ಸಾಣ್ವಾ?’ ಎಂದಳು.

‘ಸ್ಕ್ಯಾನ್‌ನಾಗೆ ಅವಮಾನ ಕಾಣ್ಸುತ್ತೇನಮ್ಮ?’

‘ಅದಲ್ಲ ಸರ್. ನೀವೇ ಹೇಳ್ತಿದ್ರಿ, ಮೊದ್ಲು...’

‘ನಾನು ಹೇಳಿದ್ದು ನಂಗೆ ನೆನಪೈತೆ.’

ಒರಟಾಗಿ ಬಂತು ಮಾತು. ಹುಡುಗಿ ತಲೆ ತಗ್ಗಿಸಿಕೊಂಡು ಹೋದಳು. ಈ ಕಾಲದವರಿಗೆ ಯಂತ್ರ ಇಲ್ಲದೆ ಕೈಕಾಲು ಆಡುವುದಿಲ್ಲ. ನನ್ನ ಹತ್ತಿರ ಕಲಿತವಳೂ ಹೀಗಾದರೆ ನಾನು ಹೋದ ಮೇಲೆ ಏನು ಉಳಿಯುತ್ತದೆ?

ಆಗಸ್ಟ್ 23, ಶುಕ್ರವಾರ

ಚಿಕ್ಕಜಾಜೂರಿನಿಂದ ಈಗ ಬಂದೆವು. ದಣಿವಾಗಿದೆ, ಆದರೂ ಬರೆಯದೆ ಮಲಗಲಾರೆ.

ಕಿರಣನಿಗೆ ಮೊದಲೇ ಫೋನಿನಲ್ಲಿ ಎಲ್ಲ ಹೇಳಿದ್ದೆ. ಅವನು ಗಾಬರಿಯಾಗಿದ್ದ. ‘ಮಾವ, ನಾವು ಬೇಕಂತ ಮಾಡಿದ್ದಲ್ಲ’ ಎಂದು ಮೂರು ಸಲ ಅಂದ. ಶ್ರಾವಣ ಶುಕ್ರವಾರ, ಒಳ್ಳೆಯ ದಿನ. ಒಲೆಗೆ ಅರಿಶಿನ ಕುಂಕುಮ ಇಟ್ಟು, ಹೊಸ ಪಾತ್ರೆ ತರಿಸಿ, ಹೊಸಿಲಿನ ಹೊರಗಿನಿಂದ ಅಕ್ಕನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಲತಾ ಬಾಗಿಲ ಪಕ್ಕ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅವಳ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದಳು, ಅವಳು ಸುಮ್ಮನಾದಳು. ಅತ್ತೆಯ ಕಾಲಿಗೆ ಬಿದ್ದು ತಪ್ಪಾಯಿತು ಎನ್ನು ಎಂದು ನಾನೇ ಹೇಳಿದೆ. ಅಕ್ಕಪಕ್ಕದವರೆಲ್ಲ ಸೇರಿದ್ದರು. ಬಿದ್ದಳು. ಅತ್ತಳು. ಒಳ್ಳೆಯ ಅಳು.

ಅಕ್ಕ ಹಾಲು ಸುರಿದಳು. ಉಕ್ಕಿ ಬರುವವರೆಗೆ ಒಲೆಯ ಕಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಉಕ್ಕಿದ ಕೂಡಲೇ ನನ್ನ ಕಡೆ ತಿರುಗಿ ನಕ್ಕಳು. ನಾನು ಶಾಲೆಯಿಂದ ಬಂದು ಪಾಸಾದೆ ಎಂದಾಗ ನಗುತ್ತಿದ್ದಳಲ್ಲ, ಅದೇ ನಗು. ಲೋಟದಲ್ಲಿ ಕೊಟ್ಟಾಗ ಎರಡು ಗುಟುಕು ಕುಡಿದಳು. ಕುಡಿದಳು! ಎಲ್ಲರ ಕಣ್ಣಲ್ಲೂ ನೀರು. ನನ್ನ ಕಣ್ಣಲ್ಲೂ.

ದಾರಿಯಲ್ಲಿ ಕಾರು ನಿಲ್ಲಿಸಬೇಕಾಯಿತು. ಬೇಲಿಯ ಹತ್ತಿರ ಸ್ವಲ್ಪ ವಾಂತಿ ಮಾಡಿಕೊಂಡಳು. ಕಾರಿನ ವಾಸನೆ ಅವಳಿಗೆ ಮೊದಲಿಂದಲೂ ಆಗುವುದಿಲ್ಲ.

ಗಿರೀಶನಿಗೆ ಫೋನು ಮಾಡಿ, ಗ್ರಂಥಕ್ಕೆ ಇನ್ನೊಂದು ಅಧ್ಯಾಯ ಸೇರಿಸಬೇಕು ಎಂದೆ.

ಆಗಸ್ಟ್ 30, ಶುಕ್ರವಾರ

ಅಕ್ಕ ಈಗ ಮೇಲು ಎನ್ನುತ್ತಾಳೆ. ಕೇಳಿದಾಗಲೆಲ್ಲ ಮೇಲು ಎನ್ನುತ್ತಾಳೆ. ಮಲಗಿದರೆ ಬೆನ್ನು ಸೇರುವುದಿಲ್ಲ ಎಂದು ದಿಂಬನ್ನು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಾಳೆ. ತಲೆ ತಗ್ಗಿಸಿ ಬದುಕಿದವಳ ಕೂರುವಿಕೆ, ಅಷ್ಟು ವರ್ಷದ ಅಭ್ಯಾಸ ಒಂದೇ ದಿನಕ್ಕೆ ಬಿಡುವುದಿಲ್ಲ. ಮೈಯೆಲ್ಲ ತುರಿಕೆ ಅಂತೆ. ಲತಾ ಉಡಿಸಿದ ಹೊಸ ಸೀರೆಯ ಗಂಜಿ ಇರಬೇಕು. ಒಗೆದು ಕೊಡು ಎಂದು ಬೋರಕ್ಕನಿಗೆ ಹೇಳಿದ್ದೇನೆ. ಬೋರಕ್ಕ ಮನೆಗೆಲಸಕ್ಕೆ ಬರುವವಳು. ಕೆಲಸಕ್ಕಿಂತ ಮಾತು ಹೆಚ್ಚು.

ಸೆಪ್ಟೆಂಬರ್ 5, ಗುರುವಾರ

ಮತ್ತೆ ಹಾಲು ಬೇಡವೆಂದಳು. ಅನ್ನವೂ ಅರ್ಧಕ್ಕೆ. ಹಾಗಾದರೆ ಇನ್ನೂ ಏನೋ ಒಳಗಿದೆ. ಬೆಳಿಗ್ಗೆಯೆಲ್ಲ ಕೂತು ಕೇಳಿದೆ. ಭಾವನ ಮನೆಯವರು ಏನಾದರೂ ಅಂದಿದ್ದರಾ ಎಂದೆ, ಹೂಂ ಎಂದಳು. ಅವ್ವ ಹೋದಾಗ ನನ್ನನ್ನು ನೋಡಿಕೊಳ್ಳಲು ನಿನ್ನ ಶಾಲೆ ಬಿಡಿಸಿದರಲ್ಲ, ಆ ನೋವಾ ಎಂದೆ, ಅದೂ ಇರಬಹುದು ಎಂದಳು. ಕೇಳಿದ್ದಕ್ಕೆಲ್ಲ ಬಾಯಿ ಬಿಡುತ್ತಿದ್ದಾಳೆ. ಒಳ್ಳೆಯ ಲಕ್ಷಣ.

ಸೆಪ್ಟೆಂಬರ್ 9, ಸೋಮವಾರ

ಬೋರಕ್ಕ ಕಸ ಗುಡಿಸುತ್ತಾ, ‘ಡಾಕ್ಟ್ರೇ, ಶಾಂತಕ್ಕರ ಕಣ್ಣು ನೋಡೀರೇನು? ಅರಿಶಿನ ಹಚ್ಚಿದಂಗೆ ಆಗ್ಯಾವೆ’ ಎಂದಳು. ಹಬ್ಬದಲ್ಲಿ ಕೈಗೆ ಹತ್ತಿದ ಅರಿಶಿನದಲ್ಲಿ ಕಣ್ಣುಜ್ಜಿಕೊಂಡಿರಬೇಕು ಎಂದೆ.

ಆಮೇಲೆ ಅಕ್ಕನನ್ನು ಅಂಗಳದ ಬಿಸಿಲಿಗೆ ಕರೆತಂದು ರೆಪ್ಪೆ ಎಳೆದು ನೋಡಿದೆ.

ಸ್ವಾತಿಗೆ ಫೋನು ಮಾಡಿದ್ದೇನೆ.

ಸೆಪ್ಟೆಂಬರ್ 12, ಗುರುವಾರ

ದಾವಣಗೆರೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮೇದೋಜೀರಕದ ತಲೆಯ ಭಾಗದಲ್ಲಿ ಗಡ್ಡೆ. ಪಿತ್ತನಾಳ ಅಮುಕಿದೆ. ಯಕೃತ್ತಿಗೂ ಹೋಗಿದೆ. ಎಂಬಿಬಿಎಸ್ ಹುಡುಗರಿಗೆ ಪರೀಕ್ಷೆಯಲ್ಲಿ ಕೇಳುವ ಲಕ್ಷಣಗಳು: ಬೆನ್ನಿಗೆ ಹೊಡೆಯುವ ನೋವು, ಮುಂದಕ್ಕೆ ಬಾಗಿದರೆ ಆರಾಮ, ಜಿಡ್ಡು ಸೇರದು, ಮೈ ಇಳಿಯುವುದು, ತುರಿಕೆ, ಕಾಮಾಲೆ. ಒಂದೂ ತಪ್ಪಿಲ್ಲ. ಒಂದೊಂದನ್ನೂ ನಾನು ಇಲ್ಲೇ ಹಿಂದಿನ ಪುಟಗಳಲ್ಲಿ ಬರೆದಿದ್ದೇನೆ.

ಸ್ವಾತಿ ಮೊನ್ನೆ ಅಕ್ಕನ ಹೊಟ್ಟೆ ಒತ್ತಿ ನೋಡಿದವಳು ಕೈ ತೆಗೆಯದೆ ನನ್ನ ಕಡೆ ನೋಡಿದಳು.

ಶಸ್ತ್ರವೈದ್ಯನಿಗೆ ಕೇಳಿದೆ, ‘ಒಂದು ತಿಂಗಳು ಮುಂಚೆ ಬಂದಿದ್ರೆ?’

‘ಹೇಳಕ್ಕಾಗಲ್ಲ ಸರ್’ ಎಂದ.

ರೋಗಿಗಳ ಮನೆಯವರಿಗೆ ಕರುಣೆಯಿಂದ ನಾನೂ ಅದೇ ಮಾತು ಹೇಳುತ್ತಿದ್ದೆ. ಅದರ ಅರ್ಥ ನನಗೆ ಗೊತ್ತು.

ಅಕ್ಕ ಒಳಗೆ ಮಲಗಿದ್ದಾಳೆ. ‘ಏನಂತೆ?’ ಎಂದಳು. ಕಾಮಾಲೆ ಅಕ್ಕ, ಪಿತ್ತ ಇಳಿಯೋಕೆ ಸಣ್ಣ ಕೊಳವೆ ಹಾಕ್ತಾರೆ, ತುರಿಕೆ ಹೋಗುತ್ತೆ ಎಂದೆ. ‘ಹೂಂ’ ಎಂದಳು.

ಅಕ್ಟೋಬರ್ 3, ಗುರುವಾರ

ಮನೆಗೆ ಬಂದು ಹದಿನೈದು ದಿನದ ಮೇಲಾಯಿತು. ಬರೆಯಲು ಮನಸ್ಸಾಗಿರಲಿಲ್ಲ. ಇವತ್ತಿನದನ್ನು ಬರೆಯದೆ ಇರಲೂ ಆಗುತ್ತಿಲ್ಲ.

ಮಧ್ಯಾಹ್ನ ಅಕ್ಕನ ಕಾಲು ಒತ್ತುತ್ತಾ ಕೂತಿದ್ದೆ. ಕಾಲೆಂದರೆ ಮೂಳೆ ಅಷ್ಟೇ. ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

‘ಲೇ ಕಾಂತ, ಲತಾಗೆ ಒಂದು ಮಾತು ಹೇಳಲೇ. ಪಾಪ, ಎಲ್ರ ಮುಂದೆ ಕಾಲಿಗೆ ಬಿದ್ಲು.’

‘ಏನಂತ ಹೇಳ್ಲಿ?’

‘ಅವ್ಳು ಅವತ್ತು ನನ್ನ ಕರೆದಿದ್ಲು ಕಣಲೇ, ಹಾಲು ಉಕ್ಸಾಕೆ. ಎರಡು ಸಲ ಬಂದು ಕರೆದ್ಲು. ನಾನು ಹಿತ್ಲಲ್ಲಿ ಕರಿಬೇವು ಬಿಡಿಸ್ತಾ ಕುಂತಿದ್ದೆ. ಒಗ್ಗರಣೆಗೆ ಹೊತ್ತಾಗ್ತೈತೆ, ನೀವೇ ಉಕ್ಸ್ರಿ ಅಂತ ನಾನೇ ಅಂದೆ. ಅದ್ರಾಗೆ ಬೇಜಾರೇನೈತೆ?’

ನನ್ನ ಕೈ ನಿಂತುಹೋಯಿತು.

‘ಮತ್ತೆ ನನ್ಹತ್ರ ಹೂಂ ಅಂದ್ಯಲ್ಲಕ್ಕ?’

‘ನೀನು ಅಷ್ಟು ಆಸೆಯಿಂದ ಕೇಳ್ದೆ. ಚಿಕ್ಕೋನಿದ್ದಾಗ ಸ್ಲೇಟು ತಂದು ಲೆಕ್ಕ ಸರಿಯಾಗೈತೇನಕ್ಕ ಅಂತಿದ್ಯಲ್ಲ, ಹಂಗೇ ಇತ್ತು ಮುಖ. ನಂಗೆ ಆ ಲೆಕ್ಕ ಎಲ್ಲಿ ತಿಳೀತಿತ್ತು. ಹೂಂ ಸರಿಯಾಗೈತೆ ಅಂತಿದ್ದೆ. ನೀನು ಕುಣ್ಕಂಡು ಹೋಗ್ತಿದ್ದೆ.’

ಕಾಲನ್ನು ನನ್ನ ಕಡೆ ಸರಿಸಿ, ‘ಒತ್ತು, ಯಾಕೆ ನಿಲ್ಸಿದೆ’ ಎಂದಳು.

ಒತ್ತಿದೆ. ಒತ್ತುತ್ತಲೇ ಅತ್ತೆ. ಅವಳು ನೋಡಲಿಲ್ಲ, ಅಥವಾ ನೋಡದವಳಂತೆ ಇದ್ದಳು. ಕೂಗಿ ಅಳಬೇಕು ಎನ್ನಿಸಿತು. ಮುಂದಿನ ಕೋಣೆಯಲ್ಲಿ ರೋಗಿಗಳು ಕಾಯುತ್ತಿದ್ದರು. ಬೋರಕ್ಕನಿಗೆ ಹೇಳಿ ವಾಪಸು ಕಳಿಸಿದೆ.

ಅಕ್ಟೋಬರ್ 8, ಮಂಗಳವಾರ

ಕೆಂಚಕ್ಕನನ್ನು ನೋಡಲು ಹೋಗಿದ್ದೆ. ಅಕ್ಕನ ಜೊತೆ ಕಿರಣ ಇದ್ದ. ಕೆಂಚಕ್ಕನಿಗೂ ವಯಸ್ಸಾಗಿದೆ. ಹಟ್ಟಿಯ ಮುಂದೆ ಕಂಬಳಿ ಹಾಸಿ ‘ಕುಂತ್ಕಳ್ರಿ ಸ್ವಾಮಿ’ ಎಂದಳು. ಒಂದು ಮಾತು ನಿಜ ಹೇಳಬೇಕು ಎಂದೆ. ಕೈ ಬಿದ್ದುಹೋದದ್ದು ತಮ್ಮನ ಹೆಂಡತಿ ತಳ್ಳಿದ್ದಕ್ಕೇನಾ, ಅಥವಾ ನಾನು ಕೇಳಿದೆ ಎಂದು ಹೂಂ ಅಂದೆಯಾ?

‘ನೀವು ಹೇಳಿದ್ದು ಸುಳ್ಳಾಗುತ್ತಾ? ನೋಡ್ರಿ, ಕೈ ಎದ್ದೈತಲ್ಲ’ ಎಂದು ಬಲಗೈ ಮೇಲೆತ್ತಿ ತೋರಿಸಿದಳು. ಇಳಿಸಲೇ ಇಲ್ಲ, ನಾನು ಸಾಕು ಎನ್ನುವವರೆಗೆ.

ಅದು ಉತ್ತರವೋ ಅಲ್ಲವೋ ದಾರಿಯುದ್ದಕ್ಕೂ ಯೋಚಿಸಿದೆ. ಲತಾಗೆ ಫೋನು ಮಾಡಬೇಕು. ಇನ್ನೂ ಮಾಡಿಲ್ಲ.

ಅಕ್ಟೋಬರ್ 20, ಭಾನುವಾರ

ಬೆಳಿಗ್ಗೆ ಅಕ್ಕ ಹೋದಳು.

ಅಕ್ಟೋಬರ್ 22, ಮಂಗಳವಾರ

ಹಾಲು ತುಪ್ಪ ಮುಗಿಯಿತು. ಮಳೆ ಬಂದು ಗುಡ್ಡೆಯ ಮಣ್ಣು ಸ್ವಲ್ಪ ಜಾರಿತ್ತು. ಕಿರಣ ಮೊದಲು ಬಿಟ್ಟ, ಆಮೇಲೆ ನೆಂಟರು. ನಾನು ಹಿಂದೆ ನಿಂತಿದ್ದೆ. ಲತಾ ಹಾಲಿನ ಚೊಂಬು ತಂದು ನನ್ನ ಕೈಗೆ ಕೊಟ್ಟು, ‘ಮಾವ, ನೀವೂ ಬಿಡ್ರಿ’ ಎಂದಳು. ಅವಳಿಗೆ ಹೇಳಬೇಕಾದ ಮಾತು ಬಾಯಿಗೆ ಬಂತು, ಜನ ಇದ್ದರು. ಕಾಲಿಗೆ ಬೀಳಿಸುವಾಗಲೂ ಜನ ಇದ್ದರು.

ಹಾಲು ಬಿಟ್ಟೆ. ಮಣ್ಣು ಕುಡಿಯಲಿಲ್ಲ, ಮೇಲೆಯೇ ನಿಂತಿತು.

ಅಕ್ಟೋಬರ್ 23, ಬುಧವಾರ

ಬೋರಕ್ಕ ಕೊಟ್ಟ ಕಾಫಿ ಕುಡಿಯಲಾಗಲಿಲ್ಲ. ಹಾಲು ಕೆಟ್ಟಿರಬೇಕು. ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಹಿಡಿದ ಹಾಗೆ. ಮೂರು ದಿನ ಸರಿಯಾಗಿ ಊಟವಿಲ್ಲ, ಆಮ್ಲಪಿತ್ತ ಆಗಿದೆ.

ನವೆಂಬರ್ 6, ಬುಧವಾರ

ಹಾಲಿನವನನ್ನು ಬದಲಾಯಿಸಿದೆ. ಇವನೂ ಹಾಗೇ. ಹಾಲಿಗೆ ಏನೋ ಪುಡಿ ಬೆರೆಸುತ್ತಾರೆ, ಹತ್ತಿರ ತಂದರೇ ವಾಸನೆ. ಬರೀ ಡಿಕಾಕ್ಷನ್ ಕುಡಿಯುತ್ತಿದ್ದೇನೆ.

ಕ್ಲಿನಿಕ್ಕು ತೆರೆದೆ. ಬಂದವರಿಗೆಲ್ಲ ಸ್ಕ್ಯಾನಿಗೆ ಬರೆದೆ. ಹೊಳಲ್ಕೆರೆಯಿಂದ ಬಂದಿದ್ದ ಒಬ್ಬ ಹೆಂಗಸು ಎದೆನೋವು ಎನ್ನುತ್ತಾ ತಾನಾಗಿಯೇ ಮಗನ ವಿಷಯ ತೆಗೆದಳು. ‘ಅದೆಲ್ಲ ಬೇಡಮ್ಮ’ ಎಂದೆ. ‘ನೀವು ಕೇಳ್ತೀರಿ ಅಂದಿದ್ರು’ ಎಂದಳು. ಸ್ಕ್ಯಾನಿನ ಚೀಟಿ ಹರಿದು ಕೊಟ್ಟೆ.

ನವೆಂಬರ್ 17, ಭಾನುವಾರ

ಚಿತ್ರದುರ್ಗದಲ್ಲಿ ಗ್ರಂಥದ ಬಿಡುಗಡೆ ಆಯಿತು. ಮುಂದೂಡು ಎಂದು ಗಿರೀಶನಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಅಕ್ಕನ ಅಧ್ಯಾಯವನ್ನು ತೆಗೆಸಿದ್ದೆ, ಅದೊಂದನ್ನು ಮಾಡಿದೆ. ಶಾಲು ಹೊದಿಸಿದರು. ಒಬ್ಬೊಬ್ಬರೂ ನಾನು ಹೇಗೆ ಕೇಳುತ್ತಿದ್ದೆ ಎಂದು ಹೊಗಳಿದರು. ನನ್ನ ಸರದಿ ಬಂದಾಗ, ‘ಮೊದಲು ಹೊಟ್ಟೆ ಮುಟ್ಟಿ ನೋಡ್ರಿ’ ಎಂದು ಶುರು ಮಾಡಿದೆ. ಮುಂದಿನ ಮಾತು ಬರಲಿಲ್ಲ. ಚಪ್ಪಾಳೆ ಹೊಡೆದರು. ಅಷ್ಟೇ ನನ್ನ ಭಾಷಣ ಎಂದುಕೊಂಡರೋ ಏನೋ.

ಕೆಳಗಿಳಿದ ಮೇಲೆ ಬಾದಾಮಿ ಹಾಲು ಕೊಟ್ಟರು. ಒಂದು ಗುಟುಕಿಗೆ ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದೆ. ನೋವು ಈಗ ಬೆನ್ನಿಗೂ ಹೊಡೆಯುತ್ತಿದೆ. ಒಂದೇ ರಕ್ತ, ಒಂದೇ ರೋಗ. ನನಗೇನೂ ಅನುಮಾನವಿಲ್ಲ.

ನವೆಂಬರ್ 25, ಸೋಮವಾರ

ಸ್ಕ್ಯಾನ್ ಮಾಡಿಸಿದೆ. ಏನೂ ಇಲ್ಲ ಎನ್ನುತ್ತದೆ ರಿಪೋರ್ಟು. ಆ ಹುಡುಗ ಅವಸರದಲ್ಲಿ ನೋಡಿದ್ದಾನೆ. ಎಂಡೋಸ್ಕೋಪಿ ಮಾಡಿಸಬೇಕು.

ಡಿಸೆಂಬರ್ 4, ಬುಧವಾರ

ಎಂಡೋಸ್ಕೋಪಿ, ರಕ್ತ, ಎಲ್ಲ ಸರಿ. ನಂಬಿಕೆ ಬರುತ್ತಿಲ್ಲ. ಮಲಗಿದರೆ ಬೆನ್ನು ಸೇರುವುದಿಲ್ಲ. ಅಕ್ಕನ ದಿಂಬನ್ನೇ ತಬ್ಬಿಕೊಂಡು ಕೂತಿರುತ್ತೇನೆ.

ಡಿಸೆಂಬರ್ 10, ಮಂಗಳವಾರ

ಸ್ವಾತಿಯ ಕ್ಲಿನಿಕ್ಕಿಗೆ ನಾನೇ ಹೋದೆ. ರಿಪೋರ್ಟುಗಳನ್ನೆಲ್ಲ ಟೇಬಲ್ಲಿನ ಮೇಲೆ ಹರಡಿ, ಎಲ್ಲಿ ತಪ್ಪಾಗಿದೆ ನೋಡು ಎಂದೆ. ಅವಳು ಅವನ್ನು ಮುಟ್ಟಲಿಲ್ಲ. ‘ಮಲಕ್ಕಳ್ರಿ ಸರ್’ ಎಂದಳು. ಹೊಟ್ಟೆಯನ್ನು ಪೂರ್ತಿ ಒತ್ತಿ ನೋಡಿದಳು, ನಾನು ಕಲಿಸಿದ ಹಾಗೆಯೇ, ಬೆರಳು ಬಿಸಿ ಮಾಡಿಕೊಂಡು, ನಿಧಾನಕ್ಕೆ. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

‘ಯಾವಾಗ ಶುರುವಾಯ್ತು ಸರ್?’

‘ಹಾಲು ತುಪ್ಪದ ಮಾರನೇ ದಿನ.’

‘ಏನು ಸೇರಲ್ಲ?’

‘ಹಾಲು. ಈ ಹಾಲಿನವರೆಲ್ಲ ಕಲಬೆರಕೆ ಮಾಡ್ತಾರೆ ಕಣಮ್ಮ.’

ಮುಂದಕ್ಕೆ ಬಾಗಿ, ‘ಸರ್, ಆ ನೋವು ಬಂದಾಗ ಮನೇಲಿ ಯಾರಿದ್ರು?’ ಎಂದಳು.

ನನ್ನ ಪ್ರಶ್ನೆಯನ್ನು ನನಗೇ ಕೇಳುತ್ತಾಳಲ್ಲ ಎಂದು ಸಿಟ್ಟು ಬಂತು. ಆದರೂ ಡಾಕ್ಟರು ಕೇಳಿದ್ದಕ್ಕೆ ಉತ್ತರ ಹೇಳಬೇಕು.

‘ಯಾರೂ ಇರ್ಲಿಲ್ಲ’ ಎಂದೆ.

ಇದ್ದದ್ದನ್ನೇ ಹೇಳಿದೆ. ಅಷ್ಟಕ್ಕೆ ಆ ಹುಡುಗಿ ಯಾಕೆ ಕಣ್ಣೊರೆಸಿಕೊಂಡಳೋ ಗೊತ್ತಾಗಲಿಲ್ಲ. ರಿಪೋರ್ಟುಗಳನ್ನು ಜೋಡಿಸಿಕೊಂಡು ಎದ್ದು ಬಂದೆ. ಗುರುವಾರ ದಾವಣಗೆರೆಯಲ್ಲಿ ಇನ್ನೊಂದು ಸ್ಕ್ಯಾನ್ ಇದೆ. ಹಾಲಿನವನಿಗೆ ನಾಳೆಯಿಂದ ಬರಬೇಡ ಎಂದು ಹೇಳಬೇಕು.